ಹೆಚ್ಚುಗಲ್ಲಿನ ನಿಯಮಗಳು

ಮೇ ೯, ಗುರುವಾರ

ಹತ್ತನೆಯ ತರಗತಿಯ ಫಲಿತಾಂಶ ಇಂದು ಬಂದಿತು. ನಮ್ಮ ಓಣಿಯ ಆಸುಪಾಸಿನ ಐದು ಹುಡುಗಿಯರು ಗಣಿತದಲ್ಲಿ ನಪಾಸಾಗಿ ಉಳಿದಿದ್ದಾರೆ. ಮರುಪರೀಕ್ಷೆಗೆ ಇನ್ನು ಐದು ವಾರ. ನಿವೃತ್ತಳಾದ ಮೇಲಿನ ಎಂಟು ವರ್ಷಗಳಲ್ಲಿ ಇಂಥ ದಿನ ಸಂಜೆಯಾಗುವುದರೊಳಗೆ ನನ್ನ ಪಡಸಾಲೆಯಲ್ಲಿ ಚಾಪೆ ಬಿದ್ದಿರುತ್ತಿತ್ತು. ನನ್ನಲ್ಲಿ ಕಲಿತು ಮರುಪರೀಕ್ಷೆಗೆ ಕುಳಿತವರಲ್ಲಿ ಮತ್ತೆ ಉಳಿದವರು ಇಬ್ಬರೇ. ಇಬ್ಬರ ಹೆಸರೂ ನನಗೆ ನೆನಪಿದೆ.

ಈ ವರ್ಷ ಚಾಪೆ ಹಾಸಲಿಲ್ಲ. ಹುಡುಗಿಯರು ಬಂದಿದ್ದರು. ತಂಗಿ ಶಿವಗಂಗಾ ಬಾಗಿಲಲ್ಲೇ ನಿಂತು, "ಅಕ್ಕಗ ದನಿ ಹೋಗ್ಯಾದವ್ವ. ಈ ವರ್ಷ ಬ್ಯಾರೆ ಕಡಿ ನೋಡ್ಕೋರ್ರಿ" ಎಂದು ಕಳಿಸಿಬಿಟ್ಟಳು. ನಾನು ಒಳಗೆ ಕುಳಿತು ಕೇಳುತ್ತಿದ್ದೆ. ಅವಳನ್ನು ತಡೆಯಲು ಕೂಗಬೇಕಾಗಿತ್ತು. ಆ ಕೂಗೇ ಇಲ್ಲವಾಗಿದೆ.

ಮಾರ್ಚಿನಲ್ಲಿ ಕಲಬುರಗಿಯಲ್ಲಿ ಕೊರಳಿನ ಗಂಟು ತೆಗೆದರು. ಗಂಟು ಧ್ವನಿಯ ನರಕ್ಕೆ ಸುತ್ತಿಕೊಂಡಿತ್ತು, ನರವೂ ಹೋಯಿತು. ಹೀಗಾಗಬಹುದೆಂದು ವೈದ್ಯರು ಮೊದಲೇ ತಿಳಿಸಿದ್ದರು, ಆದ್ದರಿಂದ ಅವರನ್ನು ದೂರುವುದು ನ್ಯಾಯವಲ್ಲ. ಕಳೆದ ವಾರ ಮತ್ತೆ ನೋಡಿ, "ಇನ್ನು ಇಷ್ಟೇ ದನಿ" ಎಂದರು. ಎದುರಿಗೆ ಕುಳಿತವರಿಗೆ ಮಾತ್ರ, ಅದೂ ಫ್ಯಾನು ನಿಲ್ಲಿಸಿದರೆ ಕೇಳುವ ಪಿಸುದನಿ.

ಮೂವತ್ನಾಲ್ಕು ವರ್ಷ, ಮೇಲೆ ತಗಡು, ತಗಡಿನ ಮೇಲೆ ಮಳೆ, ಎದುರಿಗೆ ಎಪ್ಪತ್ತು ಮಕ್ಕಳು: ಹೀಗೆ ಪಾಠ ಹೇಳಿದವಳು ನಾನು. ಒಂದು ದಿನವೂ ಮೈಕು ಮುಟ್ಟಿದವಳಲ್ಲ. ದನಿ ತಾನಾಗಿ ಮರಳಿದರೆ ಪಾಠ ಹೇಳುತ್ತೇನೆ, ಇಲ್ಲವಾದರೆ ಇಲ್ಲ. ಇದು ಹಟವಲ್ಲ, ನಿರ್ಧಾರ.

ಮೇ ೧೦, ಶುಕ್ರವಾರ

ಬಸವ ಜಯಂತಿ. ಪ್ರತಿ ವರ್ಷದ ಭಾಷಣ ನನ್ನದು. ಈ ಸಲ ಶಾಲು ಹೊದಿಸಿ ಮೊದಲ ಸಾಲಿನಲ್ಲಿ ಕೂರಿಸಿದರು. ನನ್ನ ಬದಲು ಮಾತನಾಡಿದವರು ಹನ್ನೊಂದು ನಿಮಿಷಗಳಲ್ಲಿ ಏಳು ತಪ್ಪು ಮಾಡಿದರು. ಮೈಕು ಆ ಏಳನ್ನೂ ಇಡೀ ಚಿತ್ತಾಪುರಕ್ಕೆ ಹಂಚಿತು.

ಮೇ ೧೪, ಮಂಗಳವಾರ

ಇಂದು ಮನೆಗೆ ಎರಡು ವಸ್ತುಗಳು ಬಂದವು. ಒಂದು ಬೇಡದ್ದು, ಒಂದು ಅನಿರೀಕ್ಷಿತವಾದದ್ದು.

ಬೇಡದ್ದು ಒಂದು ಕಪ್ಪು ಪೆಟ್ಟಿಗೆ, ಅಂಗೈಗಿಂತ ತುಸು ದೊಡ್ಡದು. ಪಟ್ಟಿಯಿಂದ ಕೊರಳಿಗೆ ತೂಗುಹಾಕಿಕೊಳ್ಳಬೇಕು. ಅದರ ವಾಯರಿನ ತುದಿಯಲ್ಲಿ ಬಾಯಿಯ ಬಳಿ ನಿಲ್ಲುವ ಪುಟ್ಟ ಮೈಕು. ಶಿವಗಂಗಾ ಅದನ್ನು ಬಾಬುಮಿಯಾನ ಅಂಗಡಿಯಿಂದ ತಂದಿದ್ದಾಳೆ.

"ಈಗ ಸಾಲಿ ಟೀಚರ್‌ಗಳೂ ಇದೇ ಹಾಕ್ಕೋತಾರಂತ, ಅಕ್ಕ. ಬಾಬುಮಿಯಾನೇ ಹೇಳ್ದ."

ಈಗ ಸದಾ ಬಳಿಯಲ್ಲಿರುವ ಕೈಹಲಗೆಯ ಮೇಲೆ ಬರೆದು ತೋರಿಸಿದೆ: 'ನಾನು ಕಾಯಿಪಲ್ಯೆ ಮಾರುವುದಿಲ್ಲ.'

"ಮಾರಿದ್ರ ಏನಾತು? ಕಾಯಿಪಲ್ಯೆ ಗಾಡಿಯಂವನ ದನಿ ಮೂರು ಓಣಿಗಿ ಕೇಳಸ್ತದ. ನಿಂದು ಬಾಜೂಕ ಕುಂತ ನನಗೂ ಕೇಳಸವಲ್ದು."

ಪೆಟ್ಟಿಗೆಯನ್ನು ತೊಗರಿಬೇಳೆಯ ಡಬ್ಬಿಯ ಹಿಂದೆ ಇಡಿಸಿದೆ.

ಅನಿರೀಕ್ಷಿತವಾಗಿ ಬಂದವಳು ಹುಸ್ನಾ. ಹದಿಮೂರು ವರ್ಷಗಳ ಹಿಂದೆ ಶಹಾಬಾದಿನ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. ಈಗ ವಾಡಿಯಲ್ಲಿ ಕೋಣೆ ಹಿಡಿದಿದ್ದಾಳೆ. ನಾಲವಾರದ ಪಂಚಾಯಿತಿಯಲ್ಲಿ ಕಂಪ್ಯೂಟರಿನ ಕೆಲಸ. ಹೋಗಿ ಬರುವ ರೈಲಿನಲ್ಲಿ ಕುಳಿತು ಮಕ್ಕಳಿಗಾಗಿ 'ಪದರನಾಡು' ಎಂಬ ಮಾಯಾಕಥೆಗಳ ಮಾಲೆಯನ್ನು ಬರೆಯುತ್ತಿದ್ದಾಳಂತೆ. ಮೂರು ಸಂಪುಟ ಅಚ್ಚಾಗಿವೆ. ನಾಲ್ಕನೆಯದು, ಕೊನೆಯದು, ಈ ತಿಂಗಳ ಕೊನೆಗೆ ಬೆಂಗಳೂರಿನ ಪ್ರಕಾಶಕರ ಕೈ ಸೇರಬೇಕು.

ನನ್ನ ಕೊರಳಿನ ಗಾಯದ ಗುರುತನ್ನು ನೋಡಿದಳು. ಅಯ್ಯೋ ಎನ್ನಲಿಲ್ಲ. "ಟೀಚರ್ರ, ನೀವು ಮಾತಾಡೋದು ಬ್ಯಾಡ್ರಿ. ಕೆಂಪು ಪೆನ್ನು ಹಿಡದ್ರ ಸಾಕು" ಎಂದಳು. ಹುಡುಗಿ ಮೊದಲಿನಿಂದಲೂ ಜಾಣೆ.

ಕಥೆಯ ಸ್ವರೂಪ ಹೀಗಿದೆ. ಪದರನಾಡಿನಲ್ಲಿ ನೆಲದಡಿಯ ಕಲ್ಲು ನಮ್ಮ ಶಹಾಬಾದಿನ ಕಲ್ಲಿನಂತೆ ಪದರ ಪದರವಾಗಿದೆ. ಅಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಒಂದು ಶಕ್ತಿಯಿರುತ್ತದೆ. ಚಂದ್ರಿ ಎಂಬ ನಾಯಕಿಗೆ ನೆಲದೊಳಗಿನ ನೀರಿನ ಸದ್ದು ಕೇಳುತ್ತದೆ. ಅವಳು ಕರೆದರೆ ನೀರು ಮೇಲೆ ಬರುತ್ತದೆ. ಎಲ್ಲಕ್ಕಿಂತ ಆಳದ ಪದರದಲ್ಲಿ ಏಳು 'ಹೆಚ್ಚುಗಲ್ಲು'ಗಳಿವೆ. ಒಂದನ್ನು ಕೈಯಲ್ಲಿ ಹಿಡಿದರೆ ಹಿಡಿದವರ ಶಕ್ತಿ ಹತ್ತುಪಟ್ಟಾಗುತ್ತದೆ. ಗಣಿದೊರೆ ಎಂಬ ದುಷ್ಟ ಏಳನ್ನೂ ಕೂಡಿಹಾಕಿ ನಾಡಿನ ನೀರನ್ನೆಲ್ಲ ತನ್ನದಾಗಿಸಿಕೊಳ್ಳಲು ಹೊರಟಿದ್ದಾನೆ.

"ಚಿಂಚೋಳಿ ಕಡೀದೊಂದು ಸಾಲಿ ಹುಡುಗ್ರು ಮೂವತ್ತು ಪ್ರಶ್ನಿ ಕಳಸ್ಯಾರ್ರೀ. ಈ ಕಲ್ಲು ಹ್ಯಾಂಗ ಕೆಲಸ ಮಾಡ್ತಾವ ಅಂತ. ನನಗ ಒಂದಕ್ಕೂ ಉತ್ತರ ಬರವಲ್ದು. ಪುಸ್ತಕದ ಕೊನೀಗಿ ಹೆಚ್ಚುಗಲ್ಲಿನ ನಿಯಮ ಬರದು ಹಾಕಬೇಕು. ನೀವು ಬರದು ಕೊಡ್ರಿ."

ಲೆಕ್ಕವಿಲ್ಲದ ಮಾಯೆಯನ್ನು ಮೂರು ಸಂಪುಟ ನಡೆಸಿ, ಈಗ ನಿಯಮ ಕೇಳಲು ಬಂದಿದ್ದಾಳೆ. ಪುಸ್ತಕಗಳನ್ನು ಇಟ್ಟುಹೋಗಲು ಸನ್ನೆ ಮಾಡಿದೆ.

ಮೇ ೧೭, ಶುಕ್ರವಾರ

ಮೂರು ಸಂಪುಟಗಳನ್ನೂ ಓದಿ ಮುಗಿಸಿದೆ. ಭಾಷೆ ಚೆನ್ನಾಗಿದೆ. ನನ್ನ ವಿದ್ಯಾರ್ಥಿನಿ ಎಂಬ ಕಾರಣಕ್ಕೆ ಹೇಳುತ್ತಿಲ್ಲ. ಅಚ್ಚಿನ ತಪ್ಪು ಬಿಟ್ಟರೆ ಕೆಂಪು ಪೆನ್ನಿಗೆ ಕೆಲಸ ಕಡಿಮೆಯಿತ್ತು. ಆದರೆ ಲೆಕ್ಕ ಹದಗೆಟ್ಟಿದೆ. ಎರಡನೆಯ ಸಂಪುಟದಲ್ಲಿ ಎರಡು ಕಲ್ಲು ಸೇರಿ ಇಪ್ಪತ್ತು ಪಟ್ಟು ಶಕ್ತಿ ಕೊಡುತ್ತವೆ. ಮೂರನೆಯದರಲ್ಲಿ ಮೂರು ಕಲ್ಲು ಸೇರಿ ಸಾವಿರ ಪಟ್ಟು. ಮೊದಲನೆಯದು ಕೂಡಿಸಿದ ಲೆಕ್ಕ, ಎರಡನೆಯದು ಗುಣಿಸಿದ ಲೆಕ್ಕ. ಕಲ್ಲು ಒಂದೇ, ನಾಡು ಒಂದೇ, ಲೆಕ್ಕ ಎರಡು! ಚಿಂಚೋಳಿಯ ಮಕ್ಕಳ ನಾಲ್ಕನೆಯ ಪ್ರಶ್ನೆಯೇ ಇದು. ಆ ಮಕ್ಕಳಿಗೆ ಯಾರು ಗಣಿತ ಹೇಳುತ್ತಾರೋ ಅವರಿಗೆ ನನ್ನ ನಮಸ್ಕಾರ.

ಸಂಜೆ ಐದು ಹುಡುಗಿಯರಲ್ಲಿ ಒಬ್ಬಳಾದ ಭಾಗ್ಯಜ್ಯೋತಿ ಚೀಲ ಹೊತ್ತು ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದಳು. ಒಳಗೆ ಬರಲಿಲ್ಲ. ನಾನು ಕಿಟಕಿಯಿಂದ ನೋಡಿದೆ. ಕರೆಯಬಹುದಿತ್ತು ಎನ್ನುವುದು ಸರಿಯಲ್ಲ. ಕರೆದರೆ ದನಿ ಗೇಟಿನ ತನಕ ಹೋಗುತ್ತಿರಲಿಲ್ಲ.

ಮೇ ೨೦, ಸೋಮವಾರ

ನಿರ್ಧಾರವನ್ನು ಸ್ವಲ್ಪ ಸಡಿಲಿಸಿ, ಶಿವಗಂಗಾಳಿಂದ ಹೇಳಿಕಳಿಸಿ, ಐದು ಜನರನ್ನೂ ಕರೆಸಿಕೊಂಡೆ. ದನಿ ಇಲ್ಲದೆ, ಬರೀ ಗೋಡೆಯ ಕಪ್ಪುಹಲಗೆಯಿಂದ ಪಾಠ ಹೇಳಿ ತೋರಿಸುತ್ತೇನೆಂದು ನನಗೆ ನಾನೇ ಪಂಥ ಕಟ್ಟಿದ್ದೆ.

ಸೋತೆ. ಹಲಗೆ ಪ್ರಶ್ನೆ ಕೇಳಬಲ್ಲದು, ಗದರಿಸಲಾರದು. ಬೆನ್ನು ತಿರುಗಿಸಿ ಬರೆಯುವಷ್ಟರಲ್ಲಿ ಐವರ ಕಣ್ಣೂ ಐದು ದಿಕ್ಕಿಗೆ. ಚಪ್ಪಾಳೆ ತಟ್ಟಿದರೆ ಇತ್ತ ನೋಡುತ್ತಾರೆ, ಬಳಪ ಎತ್ತಿದರೆ ಅತ್ತ. ಅದನ್ನಾದರೂ ಸಹಿಸಬಹುದಿತ್ತು. ಅರ್ಧ ಗಂಟೆಯ ಮೇಲೆ ಹುಡುಗಿಯರಲ್ಲಿ ಮತೀನ ಎಂಬವಳು ಎದ್ದು ಬಂದು ನನ್ನ ಕೈಯಿಂದ ಬಳಪ ತೆಗೆದುಕೊಂಡಳು. "ನೀವು ಕುಂದ್ರಿ ಟೀಚರ್ರ, ಸುಸ್ತಾಗ್ತದ. ನಾ ಬರೀತೀನಿ." ಐವರ ಮುಖದಲ್ಲೂ ಒಂದೇ ಭಾವ. ರೋಗಿಯನ್ನು ನೋಡಲು ಬಂದವರ ಮುಖ.

ತ್ರಿಕೋನವನ್ನು ಅಳಿಸಿ, 'ತರಗತಿ ಮುಗಿಯಿತು' ಎಂದು ಬರೆದೆ.

"ನಾಳಿಗಿ ರೀ?" ಎಂದಳು ಭಾಗ್ಯಜ್ಯೋತಿ.

ನಾನು ಬಳಪವನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಮೇ ೨೨, ಬುಧವಾರ

ಶಹಾಬಾದಿಗೆ ಹೋಗಿಬಂದೆ. ಕಲ್ಲಿನ ನಿಯಮ ಬರೆಯಬೇಕಾದರೆ ಕಲ್ಲನ್ನು ಬಲ್ಲವರನ್ನು ಕಾಣಬೇಕು. ಹುಸ್ನಾಳ ತಂದೆ ಹಾಜಿಮಲಂಗ್ ನಲವತ್ತು ವರ್ಷ ಪರ್ಸಿ, ಅಂದರೆ ಹಾಸುಗಲ್ಲು, ಸೀಳಿದವರು. ವಾಡಿಯ ನಿಲ್ದಾಣದಲ್ಲಿ ಹುಸ್ನಾ ನನ್ನ ಜೊತೆಗೂಡಿದಳು.

ಹಾಜಿಮಲಂಗ್ ಮನೆಯ ಮುಂದೆ ಪರ್ಸಿಗಳ ಒಂದು ಸಣ್ಣ ಸಾಲು ನಿಲ್ಲಿಸಿಕೊಂಡು ಕುಳಿತಿದ್ದರು. ಕಲ್ಲು ಕೊಯ್ಯುವ ಯಂತ್ರದ ಸದ್ದಿಗೆ ಅವರ ಕಿವಿ ಹೋಗಿ ಬಹಳ ವರ್ಷವಾಗಿದೆ; ಎರಡೂ ಕಿವಿಗೆ ಯಂತ್ರ ಹಾಕಿದ್ದಾರೆ.

"ಬರ್ರಿ ಬಾಯಿ, ಕುಂದ್ರಿ. ನಮ್ಮ ಹುಸ್ನಾಗ ಲೆಕ್ಕ ಕಲಿಸ್ದವ್ರು ಅಲ್ಲೇನ್ರಿ ನೀವು? ಅರೆ, ಏನು ಆವಾಜ್ ಇತ್ರೀ ನಿಮ್ದು! ಸಾಲಿ ಮುಂದ ಹಾದ್ರ ನಮಗೂ ಮಗ್ಗಿ ಬಾಯಿಪಾಠ ಆಗ್ತಿತ್ತು."

ನಾನು ಏನೋ ಅಂದೆ. ಅವರಿಗೆ ಕೇಳಲಿಲ್ಲ. ಅವರು ಕಿವಿ ಮುಟ್ಟಿ ತೋರಿಸಿದರು.

"ಈ ಮಶೀನ್ ಅದಲ್ರಿ, ಇದು ಎಲ್ಲಾ ದೊಡ್ಡದು ಮಾಡ್ತದ. ಕಾಗಿ, ಲಾರಿ, ನಮ್ಮ ಜೈತುನ್‌ಬೀ ಬೈಗುಳ. ಇದು ಬೇಕು, ಇದು ಬ್ಯಾಡ ಅಂತ ಆರಿಸಿ ಕೊಡಂಗಿಲ್ಲ."

"ಬೈಗುಳ ಕೇಳಸ್ತದಂತ!" ಎಂದು ಒಳಗಿನಿಂದ ಅವರ ಹೆಂಡತಿ ಜೈತುನ್‌ಬೀ. "ಉಪ್ಪು ತರ್ರಿ ಅಂದ್ರ ಮಾತ್ರ ಮಶೀನ್ ಖರಾಬ್ ಆಗ್ತದ!"

ಹುಸ್ನಾ ನಗುತ್ತ ಚಹಾ ತರಲು ಒಳಗೆ ಹೋದಳು. ನಾವಿಬ್ಬರೇ ಉಳಿದೆವು. ಅವರಿಗೆ ಓದಲು ಬಾರದು, ಆದ್ದರಿಂದ ಹಲಗೆ ನಿರರ್ಥಕ. ನನ್ನ ಪಿಸುದನಿ ಅವರ ಯಂತ್ರಕ್ಕೂ ಎಟಕದು. ನಾನು ಒಂದು ಪರ್ಸಿಯನ್ನು ತೋರಿಸಿ, ಬೆರಳಿನಿಂದ ಗಾಳಿಯಲ್ಲಿ ಬಿರುಕಿನ ಗೆರೆ ಎಳೆದೆ. ಅವರಿಗೆ ತಕ್ಷಣ ತಿಳಿಯಿತು. ಸುತ್ತಿಗೆಯನ್ನು ತಿರುವಿ ಹಿಡಿದು, ಅದರ ಮರದ ಹಿಡಿಯಿಂದ ಕಲ್ಲಿಗೆ ಮೆಲ್ಲಗೆ ತಟ್ಟಿದರು. ಗಂಟೆಯಂತೆ ಸ್ವಚ್ಛವಾದ ದನಿ. ಪಕ್ಕದ್ದಕ್ಕೆ ತಟ್ಟಿದರು. ಮಡಕೆಯ ದನಿ.

"ಇದರ ಹೊಟ್ಟ್ಯಾಗ ಬಿರುಕು ಅದ. ಮ್ಯಾಲ ಕಾಣಂಗಿಲ್ಲ."

ನಾನೂ ಪರೀಕ್ಷಿಸಿ ನೋಡಬೇಕೆಂದು ಸುತ್ತಿಗೆ ತೆಗೆದುಕೊಂಡು ಬಲವಾಗಿ ಎತ್ತಿದೆ. ಅವರು ನನ್ನ ಕೈ ಹಿಡಿದೇಬಿಟ್ಟರು.

"ಅಯ್ಯ ಬಾಯಿ! ಜೋರ ಬಡದ್ರ ಎಲ್ಲಾ ಕಲ್ಲೂ ಚೀರ್ತಾವ. ಖರೇ ತಿಳೀಬೇಕಂದ್ರ ಹಗೂರ ಬಡೀಬೇಕು."

ಇಷ್ಟು ಮೆಲ್ಲನೆಯ ಸದ್ದು ಕಿವುಡರಾದ ಅವರಿಗೆ ಹೇಗೆ ಕೇಳುತ್ತದೆ? ನಾನು ಕಿವಿಯನ್ನು ತೋರಿಸಿದೆ. ಅವರು ಎಡಗೈಯ ಮೂರು ಬೆರಳನ್ನು ಪರ್ಸಿಯ ಅಂಚಿಗೆ ಒತ್ತಿ ತೋರಿಸಿದರು. "ಕಿವಿ ಹೋದ ಮ್ಯಾಗ ಬೆರಳಿಲೇ ಕೇಳ್ಕೋತೀನ್ರಿ. ಕೆಲಸ ಬಿಡ್ಲಿಕ್ಕ ಆಗ್ತದೇನು?"

ಹೊರಡುವಾಗ ಕೇಳಿದರು: "ನಿಮಗ ಏನೂ ಮಶೀನ್ ಕೊಟ್ಟಿಲ್ಲೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ. ವೈದ್ಯರು ಕೊಟ್ಟಿಲ್ಲ ಎಂಬುದು ನಿಜವೇ.

ಮೇ ೨೩, ಗುರುವಾರ

ನಿಯಮಗಳ ಕರಡು ಸಿದ್ಧವಾಗುತ್ತಿದೆ. ಹೆಚ್ಚುಗಲ್ಲು ಹೊಸದೇನನ್ನೂ ಕೊಡುವುದಿಲ್ಲ. ಹಿಡಿದವರಲ್ಲಿ ಏನಿದೆಯೋ ಅದನ್ನು ಹತ್ತುಪಟ್ಟು ಮಾಡುತ್ತದೆ. ಇದು ಮೊದಲನೆಯದು, ಉಳಿದವು ಇದರ ಮೇಲೆ ನಿಲ್ಲಬೇಕು. ಎರಡನೆಯದು ಕೂಡುವುದೋ ಗುಣಿಸುವುದೋ ಎಂಬ ತಂಟೆಗೆ ಪರಿಹಾರ. ಎರಡನೆಯ ಸಂಪುಟವನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿ ಚಂದ್ರಿ ಮತ್ತು ಅವಳ ಗೆಳತಿ ಒಂದೊಂದು ಕಲ್ಲು ಹಿಡಿದಿದ್ದಾರೆ. ಮೂರನೆಯದರಲ್ಲಿ ದೊರೆ ಒಬ್ಬನೇ ಮೂರನ್ನು ಒಂದರ ಮೇಲೊಂದು ಪೇರಿಸಿದ್ದಾನೆ. ಬೇರೆ ಬೇರೆ ಕೈಗಳಾದರೆ ಕೂಡಬೇಕು, ಒಂದೇ ಕೈಯಲ್ಲಿ ಪೇರಿಸಿದರೆ ಗುಣಿಸಬೇಕು. ಹುಡುಗಿ ತನಗೆ ತಿಳಿಯದೆಯೇ ಸರಿಯಾಗಿ ಬರೆದಿದ್ದಾಳೆ. ಏಳನ್ನೂ ಪೇರಿಸಿದರೆ ಹತ್ತನ್ನು ಏಳು ಸಲ ಗುಣಿಸಬೇಕು; ಒಂದು ಕೋಟಿ ಪಟ್ಟು.

ಮೂರನೆಯದು ಹಾಜಿಮಲಂಗ್ ಅವರದು: ಕಲ್ಲು ಆರಿಸಿ ಕೊಡುವುದಿಲ್ಲ. ಶಕ್ತಿಯ ಜೊತೆಗೆ ಕೈಯ ನಡುಕವನ್ನೂ ಎದೆಯ ಅಂಜಿಕೆಯನ್ನೂ ಅಷ್ಟೇ ಪಟ್ಟು ಮಾಡುತ್ತದೆ.

ಇದನ್ನು ಪ್ರಯೋಗದಿಂದ ದೃಢಪಡಿಸಿಕೊಳ್ಳುವ ಸಲುವಾಗಿ ಮಾತ್ರ, ಶಿವಗಂಗಾ ಬಾವಿಯ ಕಡೆ ಹೋಗಿದ್ದಾಗ ಆ ಪೆಟ್ಟಿಗೆಯನ್ನು ತೆಗೆದು ಗುಂಡಿ ಒತ್ತಿದೆ. ಬೇಳೆಯ ಧೂಳಿಗೆ ಕೆಮ್ಮು ಬಂದಿತು. ಹಿತ್ತಲಿನ ಬೇವಿನ ಮರದಿಂದ ಕಾಗೆಗಳೆಲ್ಲ ಎದ್ದುಹೋದವು. ಮೂರನೆಯ ನಿಯಮ ಸಿದ್ಧವಾಯಿತು.

ಪೆಟ್ಟಿಗೆಯನ್ನು ಮರಳಿ ಇಟ್ಟೆ. ಡಬ್ಬಿಯ ಹಿಂದೆ ಇರುವೆ ಹತ್ತಿದೆ, ಆದ್ದರಿಂದ ಮುಂದೆ ಇಟ್ಟಿದ್ದೇನೆ.

ಮೇ ೨೬, ಭಾನುವಾರ

ಹುಸ್ನಾ ಬಂದಿದ್ದಳು. ಬೆಳಗಿನಿಂದ ವಾದ. ಅವಳು ಬಾಯಲ್ಲಿ, ನಾನು ಹಲಗೆಯಲ್ಲಿ, ಕೈ ಸೋತಾಗ ಅವಳ ಕಿವಿಯ ಬಳಿ ಪಿಸುದನಿಯಲ್ಲಿ.

ವಾದದ ವಿಷಯ ಚಂದ್ರಿಯ ಸೋಲು. ಮೂರನೆಯ ಸಂಪುಟದ ಕೊನೆಯಲ್ಲಿ ಅವಳು ಬತ್ತಿದ ಊರಬಾವಿಯನ್ನು ತುಂಬಿಸಲು ತನ್ನ ಶಕ್ತಿಯನ್ನೆಲ್ಲ ಸುರಿಯುತ್ತಾಳೆ. ದೊರೆಯ ಆಳುಗಳು ಅವಳನ್ನು ಶಕ್ತಿ ತೂಗುವ ತಕ್ಕಡಿಯಲ್ಲಿ ಕೂರಿಸುತ್ತಾರೆ. ಮುಳ್ಳು ಅಲುಗುವುದಿಲ್ಲ. ಶೂನ್ಯ. ಈಗ ಮೊದಲನೆಯ ನಿಯಮದ ಪ್ರಕಾರ ಶೂನ್ಯವನ್ನು ಕೋಟಿಯಿಂದ ಗುಣಿಸಿದರೂ ಶೂನ್ಯವೇ. ಏಳು ಕಲ್ಲೂ ಕೈಗೆ ಬಂದರೂ ಚಂದ್ರಿ ಗೆಲ್ಲಲಾರಳು.

"ಪ್ರಕಾಶಕರು ಎಂಟನೇ ಕಲ್ಲು ತರ್ರಿ ಅಂತಾರ," ಎಂದಳು ಹುಸ್ನಾ. "ಏನೂ ಇಲ್ಲದವ್ರಿಗೂ ಶಕ್ತಿ ಕೊಡೋದು."

'ಕೂಡದು' ಎಂದು ಕೆಂಪು ಬಳಪದಲ್ಲಿ ಬರೆದು ಎರಡು ಗೆರೆ ಎಳೆದೆ.

"ಹಂಗಾದ್ರ ಆಕಿ ಸೋಲ್ತಾಳ ಟೀಚರ್ರ!"

'ಸೋಲಲಿ. ನಿಯಮ ಮುರಿದು ಗೆದ್ದರೆ ಅದು ಗೆಲುವಲ್ಲ, ಕೃಪಾಂಕ. ಹೋದ ಶಕ್ತಿ ಹೋಯಿತು. ಅವಳು ಮನೆಯಲ್ಲಿ ಕೂರಲಿ.'

ಹುಸ್ನಾ ಅದನ್ನು ಎರಡು ಸಲ ಓದಿದಳು. ಆಮೇಲೆ ನನ್ನ ಮುಖವನ್ನು ನೋಡಿದಳು. ಚಹಾದ ಬಟ್ಟಲನ್ನು ಕೆಳಗಿಟ್ಟು ಕೇಳಿದಳು:

"ಟೀಚರ್ರ, ಆ ತಕ್ಕಡಿ ಯಾರ್ದು?"

'ದೊರೆಯದು.'

"ದೊರಿ ಏನು ತೂಗ್ತಿದ್ದ ಅದ್ರಾಗ? ದೊಡ್ಡ ದೊಡ್ಡ ಶಕ್ತಿ. ಜ್ವಾಳ ತೂಗೋ ತಕ್ಕಡ್ಯಾಗ ನಿಮ್ಮ ಮೂಗಬಟ್ಟು ಇಡ್ರಿ ನೋಡೋಣು, ಮುಳ್ಳು ಅಳ್ಳಾಡ್ತದೇನು? ಹಂಗಂತ ಮೂಗಬಟ್ಟೇ ಇಲ್ಲ ಅಂತೀರೇನು?"

ಬಳಪ ಕೆಳಗಿಟ್ಟೆ. ಅಳತೆಯ ಸಾಧನಕ್ಕೆ ಸಿಗದ್ದನ್ನು ಶೂನ್ಯವೆಂದು ಬರೆಯಬಾರದು. ಎಂಟನೆಯ ತರಗತಿಯಲ್ಲಿ ಇವಳ ಉತ್ತರಪತ್ರಿಕೆಯ ಅಂಚಿನಲ್ಲಿ ನಾನೇ ಹಾಗೆ ಬರೆದಿದ್ದೆ. ಅದಕ್ಕೆ ಅರ್ಧ ಅಂಕ ಕಳೆದದ್ದೂ ನೆನಪಿದೆ. ಅವಳಿಗೂ ನೆನಪಿದ್ದಿರಬೇಕು.

ಲೆಕ್ಕ ಹಾಕಿದೆವು. ಚಂದ್ರಿಯ ಮೊದಲಿನ ಶಕ್ತಿಯಲ್ಲಿ ಲಕ್ಷದಲ್ಲೊಂದು ಪಾಲು ಉಳಿದಿದ್ದರೂ, ಕೋಟಿಯಿಂದ ಗುಣಿಸಿದರೆ ನೂರಾಗುತ್ತದೆ. ನೂರು ಚಂದ್ರಿಯರ ಶಕ್ತಿ! ಆದರೆ ಕಲ್ಲುಗಳು ದೊರೆಯ ಕೈಯಲ್ಲಿವೆಯಲ್ಲ ಎಂದು ನಾನು ಆಕ್ಷೇಪಿಸಿದೆ. ಅದಕ್ಕೆ ಹುಸ್ನಾಳ ನಾಲ್ಕನೆಯ ನಿಯಮ: ಕಲ್ಲಿಗೆ ಒಡೆಯನಿಲ್ಲ, ಮುಟ್ಟಿದವರದನ್ನು ಹೆಚ್ಚಿಸುತ್ತದೆ. ಏಳು ಕಲ್ಲು ಪೇರಿಸಿ ಹಿಡಿದ ದೊರೆಯ ಅಂಜಿಕೆ ಕೋಟಿ ಪಟ್ಟಾಗಿ ಅವನ ಕೈ ನಡುಗುತ್ತಿರುತ್ತದೆ. ಪೇರಿಸಿದ ಕಲ್ಲುಗಳಲ್ಲಿ ಒಂದನ್ನು ಮುಟ್ಟಿದರೆ ಏಳನ್ನೂ ಮುಟ್ಟಿದಂತೆ. ಚಂದ್ರಿ ಹತ್ತಿರ ಹೋಗಿ, ಮೇಲಿನ ಕಲ್ಲನ್ನು ಒಂದು ಬೆರಳಿನಿಂದ ತಟ್ಟುತ್ತಾಳೆ.

ನಾನು ಹಲಗೆಯಲ್ಲಿ 'ಮೆಲ್ಲಗೆ' ಎಂಬ ಪದ ಸೇರಿಸಿದೆ.

ಮೇ ೨೭, ಸೋಮವಾರ

ಶಿವಗಂಗಾ ಊಟಕ್ಕೆ ಮೂರು ಸಲ ಕರೆದಳಂತೆ. ಲಕ್ಷದಲ್ಲೊಂದು ಶೂನ್ಯವಲ್ಲ. ಇಷ್ಟು ಸರಳವಾದದ್ದನ್ನು ಒಬ್ಬ ಗಣಿತ ಶಿಕ್ಷಕಿ ತಪ್ಪಬಾರದಿತ್ತು. ಚಂದ್ರಿಯ ವಿಷಯದಲ್ಲಿ ಹೇಳುತ್ತಿದ್ದೇನೆ.

ಮೇ ೨೯, ಬುಧವಾರ

ಇಂದಿನದನ್ನು ಪೂರ್ತಿಯಾಗಿ ಬರೆದಿಡಬೇಕು.

ಬೆಳಿಗ್ಗೆ ಹತ್ತಕ್ಕೆ ಹುಸ್ನಾ ಓಡೋಡಿ ಬಂದಳು. ಕೆಲಸಕ್ಕೆ ರಜೆ ಹಾಕಿದ್ದಳು. ಪ್ರಕಾಶಕರ ಕಡೆಯ ಸಂಪಾದಕರು ಹೊಸ ಕೊನೆಯನ್ನು ಓದಿ, ನಿಯಮಗಳನ್ನು ಪೂರ್ತಿ ತೆಗೆಯಿರಿ, ಎಂಟನೆಯ ಕಲ್ಲು ತನ್ನಿರಿ, ಇಲ್ಲವಾದರೆ ಪುಸ್ತಕ ಈ ವರ್ಷ ಬರುವುದಿಲ್ಲ ಎಂದಿದ್ದರು. ಹನ್ನೊಂದಕ್ಕೆ ಅವರ ಫೋನು. ಅವಳು ಅದನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲೆ ಇಟ್ಟಳು.

"ಮಕ್ಕಳಿಗೆ ಲೆಕ್ಕ ಬೇಡಮ್ಮ, ಮ್ಯಾಜಿಕ್ ಬೇಕು. ಅರ್ಥ ಆಯ್ತಾ?"

"ಹೌದ್ರಿ ಸರ್. ಆದ್ರ ಸರ್..." ಇಷ್ಟೇ. ನನ್ನೆದುರು ಮೂಗಬಟ್ಟಿನ ವಾದ ಹೂಡಿದವಳು ಅಲ್ಲಿ ಬೆವರುತ್ತಿದ್ದಳು. ಅವರು ನಾಲ್ಕು ವಾಕ್ಯ ಹೇಳಿದರೆ ಇವಳದು ಒಂದು 'ಹೌದ್ರಿ'. ಪುಸ್ತಕ ಅವಳ ಕೈ ಜಾರುತ್ತಿತ್ತು.

ನಾನು ಫೋನನ್ನು ಬಾಯಿಯ ಬಳಿ ಎಳೆದುಕೊಂಡು ಹೇಳಿದೆ: ಎಂಟನೆಯ ಕಲ್ಲು ತಂದರೆ ಮೊದಲ ಮೂರು ಸಂಪುಟಗಳೂ ಸುಳ್ಳಾಗುತ್ತವೆ.

"ಹಲೋ? ಹಲೋ? ಯಾರೂ ಇಲ್ವಾ ಅಲ್ಲಿ?"

ಮತ್ತೆ ಹೇಳಿದೆ. ಕೊರಳಿನ ನರ ಉಬ್ಬುವಷ್ಟು ಬಲವಾಗಿ.

"ಯಾರೂ ಇಲ್ಲ ಅನ್ಸುತ್ತೆ. ಕಟ್ ಮಾಡ್ತೀನಿ."

ಹುಸ್ನಾ "ತಡೀರಿ ಸರ್" ಎನ್ನುತ್ತಿದ್ದಂತೆ ನಾನು ಎದ್ದು ಅಡುಗೆಮನೆಗೆ ಹೋದೆ. ತೊಗರಿಬೇಳೆಯ ಡಬ್ಬಿಯ ಮುಂದಿನಿಂದ ಪೆಟ್ಟಿಗೆಯನ್ನು ತೆಗೆದು ಕೊರಳಿಗೆ ಹಾಕಿ ಗುಂಡಿ ತಿರುಗಿಸಿದೆ. ಕಿವಿ ಹರಿಯುವಂತೆ ಒಮ್ಮೆ ಕೀರಲು ಸದ್ದು. ಶಿವಗಂಗಾಳ ಕೈಯಿಂದ ಲಟ್ಟಣಿಗೆ ಬಿತ್ತು.

ಫೋನಿನ ಬಳಿ ಮರಳಿ, "ಇದ್ದೇವೆ," ಎಂದೆ.

ಅದು ನನ್ನ ದನಿಯಲ್ಲ. ಗರಗಸದಂಥ, ಒಡಕು, ಒರಟು ದನಿ. ಆದರೆ ಮಾತು ನನ್ನದೇ.

"ಯಾರು ಸಾರ್ ಮಾತಾಡ್ತಿರೋದು?" ಎಂದಿತು ಫೋನು.

"ಸಾರ್ ಅಲ್ಲ. ಲಲಿತಾಬಾಯಿ. ನಿವೃತ್ತ ಗಣಿತ ಶಿಕ್ಷಕಿ, ಚಿತ್ತಾಪುರ. ಹೆಚ್ಚುಗಲ್ಲಿನ ನಿಯಮಗಳನ್ನು ಬರೆದವಳು. ಮಕ್ಕಳಿಗೆ ಲೆಕ್ಕ ಬೇಡವೆಂದು ನಿಮಗೆ ಯಾರು ಹೇಳಿದರು?"

"ಮೇಡಂ, ನಮ್ಮ ಅನುಭವದಲ್ಲಿ..."

"ಚಿಂಚೋಳಿಯ ಮಕ್ಕಳು ಕಳಿಸಿದ ಮೂವತ್ತು ಪ್ರಶ್ನೆ ನಿಮ್ಮಲ್ಲಿವೆಯೇ? ಇಲ್ಲವೇ? ಹಾಗಾದರೆ ಬರೆದುಕೊಳ್ಳಿ. ಒಂದನೆಯದು: ಕಲ್ಲು ಹಿಡಿದವನಿಗೆ ಜ್ವರವಿದ್ದರೆ ಜ್ವರವೂ ಹತ್ತುಪಟ್ಟಾಗುತ್ತದೆಯೇ? ಎರಡನೆಯದು: ಅರ್ಧ ಕಲ್ಲಿಗೆ ಐದು ಪಟ್ಟೋ ಅಥವಾ ಏನೂ ಇಲ್ಲವೋ?"

ಒಂದೊಂದಾಗಿ ಓದುತ್ತ ಹೋದೆ. ಪ್ರತಿ ಪ್ರಶ್ನೆಗೂ ನಿಯಮದಿಂದ ಉತ್ತರವನ್ನೂ ಹೇಳಿದೆ. ಎಂಟನೆಯ ಕಲ್ಲು ಬಂದರೆ ಎಷ್ಟು ಉತ್ತರಗಳು ಸುಳ್ಳಾಗುತ್ತವೆಂದು ಎಣಿಸಿ ತೋರಿಸಿದೆ. ನಡುವೆ ಎರಡು ಸಲ ಕೆಮ್ಮಿದೆ. ಅದೂ ಬೆಂಗಳೂರಿಗೆ ಹೋಯಿತು, ಹೋಗಲಿ. ಅವರು ಹದಿನಾರನೆಯ ಪ್ರಶ್ನೆಯ ತನಕ ತಡೆದುಕೊಂಡರು.

"ಆಯ್ತು ಮೇಡಂ, ಆಯ್ತು. ಏಳೇ ಇರಲಿ. ನಿಯಮಗಳೂ ಇರಲಿ. ದಯವಿಟ್ಟು ಆ ಮೈಕನ್ನು ಸ್ವಲ್ಪ ದೂರ ಹಿಡ್ಕೊಳ್ಳಿ."

"ಇನ್ನು ಹದಿನಾಲ್ಕು ಪ್ರಶ್ನೆಗಳಿವೆ."

"ಕಾಗದದಲ್ಲಿ ಕಳಿಸಿ ಮೇಡಂ!"

ಹುಸ್ನಾ ಮುಖಕ್ಕೆ ದುಪಟ್ಟಾ ಒತ್ತಿಕೊಂಡಿದ್ದಳು. ನಗುವೋ ಅಳುವೋ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ.

ತಲೆಯೆತ್ತಿದರೆ ಗೇಟಿನ ಬಳಿ ಅರ್ಧ ಓಣಿ ಸೇರಿತ್ತು. ಎಲ್ಲರ ಮುಂದೆ, ಗೇಟಿನ ಸರಳು ಹಿಡಿದು ಭಾಗ್ಯಜ್ಯೋತಿ.

"ಟೀಚರ್ರ ದನಿ ಬಂತು! ಟೀಚರ್ರ ದನಿ ಬಂತು!"

"ಬಂದಿಲ್ಲ," ಎಂದೆ. ಪೆಟ್ಟಿಗೆ ಇನ್ನೂ ಕೊರಳಲ್ಲಿತ್ತು. ಓಣಿಯ ಕೊನೆಯ ನಾಯಿ ಬೊಗಳಿತು. "ನಾಳೆ ಬೆಳಿಗ್ಗೆ ಏಳಕ್ಕೆ. ಐವರೂ. ಕಂಪಾಸ್ ಪೆಟ್ಟಿಗೆ ಇಲ್ಲದವರು ಬರಕೂಡದು."

ಮೇ ೩೦, ಗುರುವಾರ

ತರಗತಿ ನಡೆಯಿತು. ಮೊದಲ ವಾಕ್ಯಕ್ಕೇ ನಕ್ಕರು. "ರೇಡಿಯೋದಾಗಿನ ಅಜ್ಜ" ಎಂದು ಯಾರೋ ಪಿಸುಗುಟ್ಟಿದರು. ನಗಲು ಗಡಿಯಾರ ನೋಡಿ ಒಂದು ನಿಮಿಷ ಕೊಟ್ಟೆ. ನಿಮಿಷ ಮುಗಿಯಿತು, ನಗುವೂ ಮುಗಿಯಿತು. ಕರುಣೆಯ ಮುಖಗಳಿಗಿಂತ ಅದು ಎಷ್ಟೋ ಮೇಲು.

ಹಲಗೆಗೆ ತಿರುಗಿ ತ್ರಿಕೋನ ಬರೆಯುತ್ತ, ತಿರುಗದೆಯೇ, "ಮತೀನ, ಕಿಟಕಿ ಬಿಡು, ಕರ್ಣ ಯಾವುದು ಹೇಳು" ಎಂದೆ. ಹಿಂದೆ ಪುಟ ಮಗುಚಿದ ಸದ್ದು. ಆಮೇಲೆ ಸರಿಯಾದ ಉತ್ತರ ಬಂದಿತು.

ಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೂರನೆಯ ನಿಯಮದ ಪ್ರಯೋಗ ಇನ್ನೂ ನಡೆದಿದೆ, ಅಷ್ಟೇ. ಶಿವಗಂಗಾಳ ದೂರು ಬೇರೆ: "ಅಕ್ಕ, ಅಡಗಿಮನಿಗಿ ಬಂದಾಗರೆ ಅದನ್ನ ತಗೀ. ಪಲ್ಯಾಕ ಉಪ್ಪಿಲ್ಲ ಅಂದದ್ದು ಇಡೀ ಓಣಿಗಿ ಗೊತ್ತಾತು."

ಜೂನ್ ೩, ಸೋಮವಾರ

ಉಳಿದ ಹದಿನಾಲ್ಕು ಉತ್ತರಗಳನ್ನು ಕಾಗದದಲ್ಲಿ ಕಳಿಸಿದೆ. ಕೊನೆಯದು, ಮೂವತ್ತನೆಯದು, ಮಾತ್ರ ತಡವಾಯಿತು. 'ಹೆಚ್ಚುಗಲ್ಲನ್ನು ಕೆಳಗಿಟ್ಟರೆ ಹಿಡಿದವರ ಶಕ್ತಿ ಹೋಗಿಬಿಡುತ್ತದೆಯೇ?' ಎಂದು ಆ ಮಕ್ಕಳು ಕೇಳಿದ್ದರು. ಮೂರು ಕರಡು ಹರಿದು, ನಾಲ್ಕನೆಯದನ್ನು ಉಳಿಸಿಕೊಂಡೆ: 'ಇಲ್ಲ. ಹಿಡಿಯುವ ಮೊದಲು ಇದ್ದಷ್ಟು ಇರುತ್ತದೆ. ಅದು ಮೊದಲೂ ಇತ್ತು.'

ಮರುಪರೀಕ್ಷೆಗೆ ಇನ್ನು ಹನ್ನೊಂದು ದಿನ. ಮತೀನ ಇಂದೂ ಮನೆಗೆಲಸದ ಲೆಕ್ಕ ಮಾಡಿರಲಿಲ್ಲ. ನಾಳೆ ವರ್ಗಸಮೀಕರಣ, ಅವಳು ನಾಳೆಯೂ ಮಾಡದಿದ್ದರೆ ದಂಡೋತಿಯ ಹೊಳೆಯ ತನಕ ಕೇಳಿಸುತ್ತೇನೆ. ಪೆಟ್ಟಿಗೆಯನ್ನು ಈಗಲೇ ಚಾರ್ಜಿಗೆ ಹಾಕಿಡಬೇಕು. ಶಿವಗಂಗಾಳನ್ನು ನಂಬಿದರೆ ಮರೆತುಬಿಡುತ್ತಾಳೆ.